ಗಲಭೆಯಿಂದ ವಿಮಾನ ನಿಂತರೆ ವಿಮೆ ಹಣ ಬರುತ್ತದೆಯೇ?

ವಿಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಾನು ಮತ್ತು ನನ್ನ ಪತ್ನಿ ಇಬ್ಬರೂ ನಿವೃತ್ತ ಶಿಕ್ಷಕರು. 2025ರ ಸೆಪ್ಟೆಂಬರಿನಲ್ಲಿ ಇಲ್ಲಿನ ಒಂದು ಟ್ರಾವೆಲ್ಸ್‌ನವರ ತಂಡದ ಜೊತೆ ಮುಕ್ತಿನಾಥ, ಪೋಖರಾ, ಪಶುಪತಿನಾಥ ಯಾತ್ರೆಗೆ ಹೋಗಿದ್ದೆವು. ಆಗಸ್ಟಿನಲ್ಲೇ ಪ್ರವಾಸ ವಿಮೆ ಮಾಡಿಸಿದ್ದೆವು. 9ನೇ ತಾರೀಖು ಸಂಜೆ ಕಠ್ಮಂಡುವಿನಿಂದ ದೆಹಲಿ ಮೂಲಕ ಬೆಂಗಳೂರಿಗೆ ವಾಪಸು ವಿಮಾನ. ಅಂದೇ ಗಲಭೆಯಿಂದ ವಿಮಾನ ನಿಲ್ದಾಣ ಮುಚ್ಚಿತು, ವಿಮಾನ ರದ್ದಾಗಿದೆ ಎಂದು ಮೊಬೈಲಿಗೆ ಸಂದೇಶ ಬಂತು. ಮೂರು ರಾತ್ರಿ ಹೋಟೆಲಿನಿಂದ ಹೊರಗೆ ಕಾಲಿಡಲಿಲ್ಲ. ವಿಮಾನದವರು 14ಕ್ಕೆ ಸೀಟು ಕೊಡುವುದಾಗಿ ಹೇಳಿದರು. ಪತ್ನಿಯ ರಕ್ತದೊತ್ತಡದ ಮಾತ್ರೆ ಮುಗಿಯುತ್ತಾ ಬಂದಿತ್ತು. ಅದಕ್ಕೆ 12ರಂದು ಕರ್ಫ್ಯೂ ಸಡಿಲವಾದ ಹೊತ್ತಿನಲ್ಲಿ ಜೀಪು ಮಾಡಿಕೊಂಡು ಸುನೌಲಿ ಗಡಿ ದಾಟಿ, ಗೋರಖಪುರದಲ್ಲಿ ರೈಲು ಹಿಡಿದು ಊರು ಸೇರಿದೆವು. ಹೋಟೆಲಿನ 14,400, ಜೀಪಿನಲ್ಲಿ ನಮ್ಮ ಪಾಲಿನ 9,000 ಮತ್ತು ಬಳಸದ ವಿಮಾನ ಟಿಕೆಟ್ಟಿನ ಹಣ ಕೊಡಿ ಎಂದು ವಿಮಾ ಕಂಪನಿಯನ್ನು ಕೇಳಿದೆವು. ‘ಕ್ರಾಂತಿ, ಬಂಡಾಯ, ಸೇನಾಧಿಕಾರದಿಂದಾದ ನಷ್ಟ ಪಾಲಿಸಿಗೆ ಒಳಪಡುವುದಿಲ್ಲ; ಹೋಟೆಲ್ ಬಿಲ್ಲಿನ ದಿನಾಂಕವೂ ಪ್ರವಾಸದ ಅವಧಿಗೆ ಹೊಂದುವುದಿಲ್ಲ’ ಎಂದು ಜನವರಿಯಲ್ಲಿ ಪತ್ರ ಬಂದಿದೆ. ಟ್ರಾವೆಲ್ಸ್‌ನವರು ಟಿಕೆಟ್ ಹಣ ಹಿಂತಿರುಗುವುದಿಲ್ಲ ಎನ್ನುತ್ತಾರೆ. ಇದು ಸರಿಯೇ? ಪಾಲಿಸಿ, ಬಿಲ್ಲು ಎಲ್ಲದರ ನಕಲು ಇಟ್ಟಿದ್ದೇನೆ.
ಓದುಗರು, ದಾವಣಗೆರೆ

ಉತ್ತರ: ಸರಿಯಲ್ಲ ಸರ್, ಈ ಪತ್ರವನ್ನು ಕೊನೆಯ ಮಾತು ಎಂದುಕೊಂಡು ಕಡತ ಮುಚ್ಚಬೇಡಿ. ಆದರೆ ನೀವು ಕೇಳಿದ ಹಣ ಪೂರ್ತಿ ವಿಮಾ ಕಂಪನಿಯಿಂದಲೇ ಬರುವಂಥದ್ದೂ ಅಲ್ಲ. ಒಂದಷ್ಟು ಅವರು ಕೊಡಬೇಕು, ಒಂದಷ್ಟು ವಿಮಾನದವರು ಕೊಡಬೇಕು, ಒಂದು ಭಾಗ ನಿಮ್ಮ ಕೈಯಿಂದಲೇ ಹೋದದ್ದು. ಮೂರನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಕೇಳಿದ್ದರಿಂದ ಅವರಿಗೆ ಒಂದೇ ಸಾಲಿನಲ್ಲಿ ‘ಇಲ್ಲ’ ಎನ್ನುವುದು ಸುಲಭವಾಯಿತು.

ಮೊದಲು ದಿನಾಂಕದ ವಿಷಯ. ನೀವು ಕಳಿಸಿದ ಹೋಟೆಲ್ ಬಿಲ್ಲನ್ನು ನೋಡಿದೆ. ತಾರೀಖಿನ ಜಾಗದಲ್ಲಿ ದೇವನಾಗರಿ ಅಂಕಿಗಳಲ್ಲಿ 2082, ಭಾದ್ರ 24, 25, 26 ಎಂದಿದೆ. ಕ್ಲೇಮ್ ವಿಭಾಗದಲ್ಲಿ ಕುಳಿತ ಹುಡುಗ 2082 ನೋಡಿ ಪಕ್ಕದಲ್ಲಿ ಕೆಂಪು ಗುರುತು ಹಾಕಿರುತ್ತಾನೆ. ಅದು ವಿಕ್ರಮ ಸಂವತ್. ನೇಪಾಳದ ಸರ್ಕಾರಿ ಪಂಚಾಂಗವೇ ಅದು. ಅಲ್ಲಿನ ಅಂಗಡಿ, ಬ್ಯಾಂಕು, ಹೋಟೆಲು ಎಲ್ಲ ಬರೆಯುವುದು ಹಾಗೆಯೇ. 2082ರ ಭಾದ್ರ 24 ಎಂದರೆ 2025ರ ಸೆಪ್ಟೆಂಬರ್ 9. ಭಾದ್ರ 26 ಎಂದರೆ ಸೆಪ್ಟೆಂಬರ್ 11. ನಿಮ್ಮ ಮೂರು ರಾತ್ರಿಗೆ ಸರಿಯಾಗಿ ಕೂಡುತ್ತದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಬಿಲ್ಲಿಗೆ ಲಗತ್ತಿಸಿ. ಹೋಟೆಲಿನವರಿಗೆ ಇಮೇಲ್ ಮಾಡಿ ಇಂಗ್ಲಿಷ್ ತಾರೀಖಿನ ಇನ್ನೊಂದು ರಸೀದಿ ತರಿಸಿಕೊಂಡರೆ ಇನ್ನೂ ಒಳ್ಳೆಯದು.

ಅದೇ ಬಿಲ್ಲಿನಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನೀವೇ ತಿದ್ದಿಬಿಡಿ. ರಾತ್ರಿಗೆ 4,800ರಂತೆ 14,400 ಎಂದಿರುವುದು ನೇಪಾಳಿ ರೂಪಾಯಿ. ಭಾರತದ 100 ರೂಪಾಯಿಗೆ ನೇಪಾಳದ 160, ಆ ದರ ಸ್ಥಿರವಾಗಿದೆ. ಅಂದರೆ ನಿಮ್ಮ ಹೋಟೆಲ್ ಖರ್ಚು 9,000 ರೂಪಾಯಿ. ನೀವು ಬೇಕೆಂದು ಹಾಗೆ ಬರೆದಿಲ್ಲ ಎಂದು ನನಗೆ ಗೊತ್ತು. ಮುಂದೆ ಓಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಎದುರು ಕಂಪನಿಯವರು ಇದನ್ನೇ ಎತ್ತಿ ‘ಹೆಚ್ಚು ಮೊತ್ತ ತೋರಿಸಿದ್ದಾರೆ’ ಎಂದರೆ, ನಿಮ್ಮ ನ್ಯಾಯವಾದ ಮಾತಿನ ಮೇಲೂ ಅನುಮಾನ ಬೀಳುತ್ತದೆ. ಜೀಪಿನವರಿಗೆ ಕೊಟ್ಟದ್ದು ಯಾವ ರೂಪಾಯಿ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ.

ಇನ್ನು ಮುಖ್ಯ ಜಗಳ. ನಿಮ್ಮ ಪಾಲಿಸಿಯಲ್ಲಿ ಎರಡು ಕಡೆ ಕಣ್ಣಿಡಬೇಕು. ಪ್ರವಾಸ ವಿಳಂಬದ ಭಾಗದಲ್ಲಿ ಹವಾಮಾನ, ತಾಂತ್ರಿಕ ದೋಷ, ಮುಷ್ಕರ, ಗಲಭೆ ಇವುಗಳಿಂದ ವಿಮಾನ 12 ಗಂಟೆಗಿಂತ ಹೆಚ್ಚು ತಡವಾದರೆ ಪರಿಹಾರ ಎಂದು ಹೇಳಿದೆ. ಹಿಂದಿನ ಪುಟಗಳಲ್ಲಿ ಎಲ್ಲ ಭಾಗಗಳಿಗೂ ಅನ್ವಯಿಸುವ ಹೊರಗಿಡುವಿಕೆಗಳ ಪಟ್ಟಿ ಇದೆ: ಯುದ್ಧ, ಆಕ್ರಮಣ, ಅಂತರ್ಯುದ್ಧ, ಬಂಡಾಯ, ಕ್ರಾಂತಿ, ಸೇನಾಧಿಕಾರ ಅಥವಾ ಅಕ್ರಮವಾಗಿ ಕಿತ್ತುಕೊಂಡ ಅಧಿಕಾರ. ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು, ಬೀದಿಗೆ ಸೇನೆ ಬಂತು, ಆದ್ದರಿಂದ ಇದು ಕ್ರಾಂತಿ ಎಂಬುದು ಕಂಪನಿಯ ವಾದ.

ನಡೆದದ್ದನ್ನು ಕ್ರಮವಾಗಿ ನೋಡಿ. ಸಾಮಾಜಿಕ ಜಾಲತಾಣಗಳ ನಿಷೇಧ ಮತ್ತು ಭ್ರಷ್ಟಾಚಾರದ ವಿರುದ್ಧ ಯುವಜನರು ಸೆಪ್ಟೆಂಬರ್ 8ರಂದು ಬೀದಿಗಿಳಿದರು. ಅಂದು ಒಂದೇ ದಿನ 19 ಮಂದಿ ಪ್ರಾಣ ಕಳೆದುಕೊಂಡರು. ಮರುದಿನ ಸಂಸತ್ ಭವನ, ಸರ್ಕಾರಿ ಕಚೇರಿಗಳಿರುವ ಸಿಂಹ ದರ್ಬಾರ್, ಸುಪ್ರೀಂ ಕೋರ್ಟ್ ಕಟ್ಟಡ, ಹಿಲ್ಟನ್ ಹೋಟೆಲ್ ಎಲ್ಲ ಹೊತ್ತಿ ಉರಿದವು. ಬೆಂಕಿ, ಹೊಗೆ, ಭದ್ರತೆಯ ಆತಂಕದ ನಡುವೆ ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಹಾರಾಟ ನಿಂತದ್ದು ಆ ದಿನ. ನಿಮ್ಮ ವಿಮಾನ ಹೋಗದಿರಲು ಹತ್ತಿರದ ಕಾರಣ ಬೀದಿಯ ಗಲಭೆ. ಪ್ರಧಾನಿ ರಾಜೀನಾಮೆ ಕೊಟ್ಟರೆಂದು ವಿಮಾನ ನಿಲ್ಲುವುದಿಲ್ಲ. ಇನ್ನು ಸೇನೆ: ಅದು ಕರ್ಫ್ಯೂ ಹೇರಿ ಭದ್ರತೆ ವಹಿಸಿಕೊಂಡಿತೇ ಹೊರತು ಅಧಿಕಾರ ಕಸಿದುಕೊಳ್ಳಲಿಲ್ಲ. ರಾಷ್ಟ್ರಪತಿ ರಾಮಚಂದ್ರ ಪೌಡೆಲ್ ತಮ್ಮ ಸ್ಥಾನದಲ್ಲೇ ಇದ್ದರು, 12ರಂದು ಸುಶೀಲಾ ಕಾರ್ಕಿ ಅವರಿಗೆ ಮಧ್ಯಂತರ ಪ್ರಧಾನಿಯಾಗಿ ಪ್ರಮಾಣವಚನ ಬೋಧಿಸಿದವರೂ ಅವರೇ. ವಿಮಾನ ನಿಲ್ದಾಣವಂತೂ 10ರ ಸಂಜೆಯೇ ತೆರೆಯಿತು. ಇದನ್ನೆಲ್ಲ ತಾರೀಖು ಸಮೇತ ಬರೆದು ಕೇಳಿ: ಗಲಭೆಯಿಂದಾದ ವಿಳಂಬಕ್ಕೆ ಹಣ ಕೊಡುತ್ತೇವೆ ಎಂದು ಪ್ರೀಮಿಯಂ ತೆಗೆದುಕೊಂಡು, ಗಲಭೆ ದೊಡ್ಡದಾಯಿತು ಎಂಬ ಕಾರಣಕ್ಕೆ ಕೈ ಎತ್ತಬಹುದೇ?

ಕಾನೂನೂ ನಿಮ್ಮ ಕಡೆ ವಾಲುತ್ತದೆ. ಹೊರಗಿಡುವ ಷರತ್ತನ್ನು ಮುಂದಿಟ್ಟು ಹಣ ನಿರಾಕರಿಸುವ ಕಂಪನಿಯೇ ಆ ಷರತ್ತು ಇಲ್ಲಿ ಅನ್ವಯಿಸುತ್ತದೆ ಎಂದು ಸಾಬೀತು ಮಾಡಬೇಕು. ಇದನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. 2004ರ ಪುಷ್ಪಾಲಯ ಪ್ರಿಂಟರ್ಸ್ ಪ್ರಕರಣದಲ್ಲಿ, ರಸ್ತೆ ಕೆಲಸಕ್ಕೆ ಬಂದ ಬುಲ್ಡೋಜರಿನ ಅದುರುವಿಕೆಯಿಂದ ಮುದ್ರಣಾಲಯಕ್ಕೆ ಆದ ಹಾನಿಗೆ ಪರಿಹಾರ ಕೊಡಿಸುವಾಗ, ಪಾಲಿಸಿಯ ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ ಪಾಲಿಸಿದಾರನಿಗೆ ಅನುಕೂಲವಾದದ್ದನ್ನೇ ಹಿಡಿಯಬೇಕು ಎಂದಿತು. ಷರತ್ತು ಬರೆದವರು ಕಂಪನಿಯವರು, ನೀವಲ್ಲ. ಈ ಎರಡು ಪ್ರಕರಣಗಳ ಹೆಸರನ್ನು ನಿಮ್ಮ ಪತ್ರದಲ್ಲಿ ಹಾಕಿ.

ಈಗ ಯಾವ ಹಣ ಯಾರಿಂದ ಎಂದು ನೋಡೋಣ. ನಿಮ್ಮ ಪಾಲಿಸಿಯ ವಿಳಂಬ ಪರಿಹಾರ ತಲಾ ಗರಿಷ್ಠ 100 ಡಾಲರ್. ಇಬ್ಬರಿಗೆ 200. ಹೋಟೆಲ್ ಖರ್ಚು ಅದರೊಳಗೇ ಬರುತ್ತದೆ, ಅದು ನಿಮಗೆ ಸಿಗಬೇಕು. ಟಿಕೆಟ್ ಹಣವನ್ನು ವಿಮಾ ಕಂಪನಿಯಲ್ಲಿ ಕೇಳುವುದೇ ಬೇಡ. ವಿಮಾನವನ್ನು ರದ್ದು ಮಾಡಿದ್ದು ವಿಮಾನ ಕಂಪನಿ. ಹಾಗಾದಾಗ ಬೇರೆ ವಿಮಾನ ಅಥವಾ ಪೂರ್ತಿ ಹಣ, ಇವೆರಡರಲ್ಲಿ ಆಯ್ಕೆ ಪ್ರಯಾಣಿಕರದು ಎಂಬುದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ರದ್ದಾದದ್ದು ಭಾರತೀಯ ಕಂಪನಿಯ ವಿಮಾನವಾದ್ದರಿಂದ ಈ ನಿಯಮ ನೇರವಾಗಿ ಅನ್ವಯಿಸುತ್ತದೆ. ‘ಹಣ ಹಿಂತಿರುಗುವುದಿಲ್ಲ’ ಎಂಬ ಟಿಕೆಟ್ ಷರತ್ತು ನೀವಾಗಿ ರದ್ದು ಮಾಡಿದರೆ ಮಾತ್ರ. ಟ್ರಾವೆಲ್ಸ್ ಮೂಲಕ ತೆಗೆದ ಟಿಕೆಟ್ಟಾದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟರು ಅವರೇ ನೇಮಿಸಿದ ಪ್ರತಿನಿಧಿಗಳು. ಟ್ರಾವೆಲ್ಸ್ ಕಚೇರಿಗೆ ಅಲೆಯುವುದನ್ನು ಬಿಟ್ಟು ಪಿಎನ್‌ಆರ್ ಸಂಖ್ಯೆ ಹಾಕಿ ನೇರವಾಗಿ ಅವರಿಗೆ ಬರೆಯಿರಿ. ಹಣ ಈಗಾಗಲೇ ಟ್ರಾವೆಲ್ಸ್‌ನವರ ಖಾತೆಗೆ ಬಂದು ಕುಳಿತಿದೆಯೇ ಎಂದೂ ಕೇಳಿ. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಹೆಚ್ಚುವರಿ ನಷ್ಟಪರಿಹಾರ ಸಿಗುವುದಿಲ್ಲ. ರಾಜಕೀಯ ಅಸ್ಥಿರತೆ, ಗಲಭೆ ಇವುಗಳಿಂದ ರದ್ದಾದರೆ ವಿಮಾನ ಕಂಪನಿ ನಷ್ಟಪರಿಹಾರ ಕೊಡಬೇಕಾಗಿಲ್ಲ ಎಂದು ಅದೇ ನಿಯಮದಲ್ಲಿ ಬರೆದಿದೆ.

ಜೀಪಿನ ಹಣದ ಬಗ್ಗೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. 12ರ ಹೊತ್ತಿಗೆ ವಿಮಾನಗಳು ಹಾರುತ್ತಿದ್ದವು, ನಿಮಗೆ 14ರ ಸೀಟು ಹೇಳಿದ್ದರು. ರಸ್ತೆಯಲ್ಲಿ ಹೊರಟದ್ದು ನಿಮ್ಮ ತೀರ್ಮಾನ. ರಾಜಕೀಯ ಅಪಾಯದ ಸ್ಥಳಾಂತರ ಎಂಬ ರಕ್ಷಣೆ ಕೆಲವು ಪಾಲಿಸಿಗಳಲ್ಲಿ ಹೆಚ್ಚುವರಿಯಾಗಿ ಸಿಗುತ್ತದೆ, ನಿಮ್ಮದರಲ್ಲಿ ಇಲ್ಲ. ಪತ್ನಿಯ ಔಷಧಿ ಮುಗಿಯುತ್ತಿತ್ತು, ಊರೆಲ್ಲ ಕರ್ಫ್ಯೂ. ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನೂ ಹೊರಟುಬಿಡುತ್ತಿದ್ದೆ. ವೈದ್ಯರ ಚೀಟಿ ಲಗತ್ತಿಸಿ ಕೇಳಿ ನೋಡಿ. ಬಂದರೆ ಒಳ್ಳೆಯದು, ಆದರೆ ನಿಮ್ಮ ಅರ್ಜಿ ಅದರ ಮೇಲೆ ನಿಲ್ಲದಿರಲಿ.

ಮುಂದಿನ ದಾರಿ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದ ದೂರು. ದಾಖಲೆ ಇಲ್ಲವೆಂಬ ಒಂದೇ ನೆಪದಿಂದ ಕ್ಲೇಮ್ ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನ ಸುತ್ತೋಲೆಯಲ್ಲಿ ಹೇಳಿರುವುದನ್ನು ಅದರಲ್ಲಿ ನೆನಪಿಸಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರು ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಿ. ಇಡೀ ಕರ್ನಾಟಕಕ್ಕೆ ಅದೇ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗಕ್ಕೂ ಹೋಗಬಹುದು, ಆದರೆ ಅಲ್ಲಿ ಪ್ರಕರಣ ಹೂಡಿದ ಮೇಲೆ ಓಂಬುಡ್ಸ್‌ಮನ್ ನಿಮ್ಮ ದೂರನ್ನು ಮುಟ್ಟುವುದಿಲ್ಲ. ಇಷ್ಟು ಮೊತ್ತಕ್ಕೆ ಜೆ.ಪಿ. ನಗರದ ಹಾದಿಯೇ ಸಾಕು.

ಪ್ರಶ್ನೆ: 2025ರ ಆಗಸ್ಟ್ ಕೊನೆಯಲ್ಲಿ ಜಕಾರ್ತದಲ್ಲಿ ಗಲಭೆ ನಡೆದಾಗ ನಾವು ಮದುವೆಯ ನಂತರದ ಬಾಲಿ ಪ್ರವಾಸಕ್ಕೆ ಹೊರಡುವವರಿದ್ದೆವು. ಮನೆಯವರು ಗಾಬರಿಯಾದರು. ಟಿಕೆಟ್, ಹೋಟೆಲ್ ಎರಡನ್ನೂ ರದ್ದು ಮಾಡಿದೆವು. ರದ್ದತಿ ರಕ್ಷಣೆ ಇರುವ ಪಾಲಿಸಿಯೇ ಇದ್ದರೂ ಒಂದು ಪೈಸೆ ಕೊಡಲಿಲ್ಲ. ಗಲಭೆ ನಡೆದದ್ದು ಸುಳ್ಳೇ?
ಓದುಗರು, ಹುಬ್ಬಳ್ಳಿ

ಉತ್ತರ: ಗಲಭೆ ನಿಜ, ನಿಮ್ಮ ಮನೆಯವರ ಭಯವೂ ನಿಜ. ಆದರೆ ವಿಮೆ ಇರುವುದು ಪಟ್ಟಿಯಲ್ಲಿ ಬರೆದ ಘಟನೆಗಳಿಗೆ. ಭಯ ಆ ಪಟ್ಟಿಯಲ್ಲಿ ಇಲ್ಲ. ಗಲಭೆ ಹೊತ್ತಿಕೊಂಡದ್ದು ಜಾವಾ ದ್ವೀಪದ ಜಕಾರ್ತದಲ್ಲಿ. ಬಾಲಿ ಬೇರೆಯೇ ದ್ವೀಪ, ಅಲ್ಲಿನ ಡೆನ್‌ಪಸಾರ್‌ಗೆ ವಿಮಾನಗಳು ಹೋಗಿ ಬರುತ್ತಿದ್ದವು. ವಿಮಾನ ಹಾರುತ್ತಿರುವಾಗ, ಹೋಟೆಲ್ ತೆರೆದಿರುವಾಗ ನೀವಾಗಿ ರದ್ದು ಮಾಡಿದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಹೋರಾಡಿ ಎಂದು ಹೇಳಲಾರೆ, ಗೆಲ್ಲುವುದಿಲ್ಲ.

ಇದನ್ನು ಮುಂದೆ ಪ್ರಯಾಣ ಮಾಡುವ ಎಲ್ಲರಿಗಾಗಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಒಂದು ಆತುರದಿಂದ ಜನ ಎಷ್ಟು ಹಣ ಕಳೆದುಕೊಳ್ಳುತ್ತಾರೆ ಎಂದು ನೋಡಿ ನೋಡಿ ನನಗೆ ಸಂಕಟವಾಗಿದೆ. ಟಿ.ವಿ.ಯಲ್ಲಿ ಬೆಂಕಿ ಕಂಡ ಕೂಡಲೇ ರದ್ದು ಗುಂಡಿ ಒತ್ತಬೇಡಿ. ವಿಮಾನ ಕಂಪನಿ ಮೊದಲು ರದ್ದು ಮಾಡಲಿ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಢಾಕಾ ಬಿಟ್ಟು ಹೊರಟ ದಿನ ಅಲ್ಲಿನ ವಿಮಾನ ನಿಲ್ದಾಣ ಕೆಲವು ಗಂಟೆ ಮುಚ್ಚಿತು. ಏರ್ ಇಂಡಿಯಾ, ಇಂಡಿಗೋ ಎರಡೂ ತಾವಾಗಿಯೇ ವಿಮಾನಗಳನ್ನು ರದ್ದು ಮಾಡಿದವು. ಹಾಗೆ ರದ್ದಾದ ವಿಮಾನದ ಪ್ರಯಾಣಿಕರಿಗೆ ಪೂರ್ತಿ ಹಣ ಕೇಳುವ ಹಕ್ಕು ಇರುತ್ತದೆ. ಅದರ ಹಿಂದಿನ ದಿನ ಹೆದರಿ ತಾವೇ ರದ್ದು ಮಾಡಿಕೊಂಡವರು ಟಿಕೆಟ್ಟಿನ ಷರತ್ತಿನಂತೆ ಕಡಿತ ಅನುಭವಿಸಬೇಕಾಗುತ್ತದೆ. ವಿಮಾನವೂ ಅದೇ, ಗಲಭೆಯೂ ಅದೇ.

ಹೊರಡಲು ಇನ್ನೂ ದಿನವಿದ್ದರೆ ಮೊದಲು ವಿಮಾನ ಕಂಪನಿಯವರನ್ನು ದಿನಾಂಕ ಬದಲಾವಣೆಗೆ ಶುಲ್ಕ ಮನ್ನಾ ಇದೆಯೇ ಎಂದು ಕೇಳಿ. ಇಂಥ ಸಮಯದಲ್ಲಿ ಎಷ್ಟೋ ಕಂಪನಿಗಳು ಕೊಡುತ್ತವೆ. ಹೋಟೆಲಿನವರಿಗೂ ಹಾಗೆಯೇ ಬರೆಯಿರಿ. ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ ಏನು ಹೇಳಿದೆ ಎಂದು ನೋಡಿ. ನೇಪಾಳದ ವಿಷಯದಲ್ಲಿ, ಪರಿಸ್ಥಿತಿ ತಿಳಿಯಾಗುವವರೆಗೆ ಅಲ್ಲಿಗೆ ಪ್ರಯಾಣ ಮುಂದೂಡಿ ಎಂದು ಸೆಪ್ಟೆಂಬರ್ 9ರಂದು ಸಲಹೆ ಬಂದಿತ್ತು. ಕೆಲವು ಪಾಲಿಸಿಗಳು ಇಂಥ ಸಲಹೆಯನ್ನು ರದ್ದತಿಗೆ ಕಾರಣವಾಗಿ ಒಪ್ಪುತ್ತವೆ, ಆದರೆ ಸಲಹೆ ಬರುವ ಮೊದಲೇ ಪಾಲಿಸಿ ಕೊಂಡಿರಬೇಕು. ಗಲಭೆ ಸುದ್ದಿಯಾದ ಮೇಲೆ ಕೊಂಡ ಪಾಲಿಸಿ ಆ ಗಲಭೆಗೆ ಕೆಲಸಕ್ಕೆ ಬರುವುದಿಲ್ಲ. ಗೊತ್ತಿದ್ದ ಘಟನೆ ಎಂದು ತಳ್ಳಿಹಾಕುತ್ತಾರೆ, ಅದು ನ್ಯಾಯವೂ ಹೌದು. ಆದ್ದರಿಂದ ಟಿಕೆಟ್ ತೆಗೆದ ದಿನವೇ ವಿಮೆ ತೆಗೆಯಿರಿ. ರಕ್ಷಣೆಯ ರದ್ದತಿ ಭಾಗ ಅಂದಿನಿಂದಲೇ ಶುರುವಾಗುವ ಪಾಲಿಸಿಯನ್ನೇ ಕೇಳಿ.

ಪ್ರಶ್ನೆ: ಮಗಳ ಮನೆಗೆ ಬಾಸ್ಟನ್‌ಗೆ ಹೊರಟವಳು 2025ರ ಜೂನ್ 23ರಂದು ಕತಾರ್ ವಾಯುಪ್ರದೇಶ ಮುಚ್ಚಿದ್ದರಿಂದ ದಾರಿಯಲ್ಲೇ ಸಿಕ್ಕಿಕೊಂಡೆ. ವಿಮಾನದವರು ಒಂದೂವರೆ ದಿನದ ನಂತರ ಕಳಿಸಿದರು. ವಿಮೆಯಲ್ಲಿ ಏನಾದರೂ ಸಿಗುತ್ತದೆಯೇ?
ಓದುಗರು, ಮಂಗಳೂರು

ಉತ್ತರ: ಇದು ಗಲಭೆಯಲ್ಲ ತಾಯಿ, ಯುದ್ಧ. ಇರಾನ್ ಅಂದು ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ಸೇನಾ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದ್ದೇ ಕಾರಣ. ಯುದ್ಧವನ್ನು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳೂ ಹೊರಗಿಡುತ್ತವೆ. ಆದರೂ ಒಂದು ಸಾಲು ಹುಡುಕಿ: ಯುದ್ಧದ ಹೊರಗಿಡುವಿಕೆ ಎಲ್ಲ ಭಾಗಗಳಿಗೂ ಇದೆಯೇ, ಅಥವಾ ವೈದ್ಯಕೀಯ ಮತ್ತು ಅಪಘಾತದ ಭಾಗಕ್ಕೆ ಮಾತ್ರವೇ? ವಿಳಂಬದ ಭಾಗಕ್ಕೆ ಅದು ಇಲ್ಲದಿದ್ದರೆ ಕೇಳಿ. ಇದ್ದರೆ ವಿಮಾನ ಕಂಪನಿ ಕೊಟ್ಟ ಊಟ, ವಸತಿಗೆ ಮುಗಿಯಿತು. ನೀವು ಕೈಯಿಂದ ಖರ್ಚು ಮಾಡಿದ ರಸೀದಿಗಳಿದ್ದರೆ ಅವನ್ನು ಆ ಕಂಪನಿಗೇ ಕಳಿಸಿ.

ಪ್ರಶ್ನೆ: ಯುರೋಪ್ ವೀಸಾಕ್ಕೆಂದು 30,000 ಯೂರೋ ವಿಮೆ ಮಾಡಿಸಿದ್ದೇವೆ. ಪ್ಯಾರಿಸ್‌ನಲ್ಲಿ ಮುಷ್ಕರ, ಪ್ರತಿಭಟನೆ ಆಗಾಗ ಆಗುತ್ತವಂತೆ. ವಿಮಾನ ನಿಂತರೆ ಇದು ಸಾಕೇ?
ಓದುಗರು, ಮೈಸೂರು

ಉತ್ತರ: ಸಾಲದು. ವೀಸಾಕ್ಕೆ ಕೇಳುವ 30,000 ಯೂರೋ ಕಾಯಿಲೆ, ಆಸ್ಪತ್ರೆ, ತುರ್ತಾಗಿ ಊರಿಗೆ ಕರೆತರುವುದು, ಮೃತದೇಹ ಸಾಗಿಸುವುದು ಇವಕ್ಕೆ. ವಿಮಾನ ನಿಲ್ಲುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಏಜೆಂಟರು ಅತಿ ಅಗ್ಗದ್ದನ್ನು ಹಚ್ಚಿ, ವೀಸಾ ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತಾರೆ. ಗ್ರಾಹಕರು ತಮಗೆ ಎಲ್ಲಕ್ಕೂ ವಿಮೆ ಇದೆ ಎಂದುಕೊಂಡು ಹೊರಡುತ್ತಾರೆ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ.

ಪಾಲಿಸಿ ಬದಲಿಸುವುದಾದರೆ ಮೂರು ವಿಷಯ ಕೇಳಿ. ವಿಳಂಬ ಮತ್ತು ರದ್ದತಿಯ ಕಾರಣಗಳಲ್ಲಿ ಮುಷ್ಕರ, ಗಲಭೆ ಎಂದು ಸ್ಪಷ್ಟವಾಗಿ ಬರೆದಿದೆಯೇ? ಎಷ್ಟು ಗಂಟೆ ಮೀರಿದರೆ, ಗರಿಷ್ಠ ಎಷ್ಟು? ನಿಮ್ಮ ಕೈಮೀರಿದ ಕಾರಣದಿಂದ ವಾಪಸಾತಿ ತಡವಾದರೆ ಪಾಲಿಸಿಯ ಅವಧಿ ತಾನಾಗಿ ಎಷ್ಟು ದಿನ ಮುಂದುವರಿಯುತ್ತದೆ? ಮೂರನೆಯದನ್ನು ಕೇಳುವವರೇ ಇಲ್ಲ. 2008ರ ನವೆಂಬರ್ 25ರಿಂದ ಡಿಸೆಂಬರ್ 3ರವರೆಗೆ ಪ್ರತಿಭಟನಕಾರರು ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣವನ್ನೇ ಆಕ್ರಮಿಸಿಕೊಂಡು ಕುಳಿತಿದ್ದರು. ಅಂಥ ವಾರದಲ್ಲಿ ಪಾಲಿಸಿ ಮುಗಿದ ಮಾರನೆಯ ದಿನ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆ ಬಿಲ್ಲು ಯಾರು ಕಟ್ಟಬೇಕು?

ಒಂದು ಸಮಾಧಾನ: ಯುರೋಪಿಯನ್ ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಯಾವುದೇ ವಿಮಾನ ರದ್ದಾದರೆ, ಕಾರಣ ಏನೇ ಇರಲಿ, ಊಟ ಮತ್ತು ವಸತಿ ನೋಡಿಕೊಳ್ಳುವ ಹೊಣೆ ಅಲ್ಲಿನ 261ನೇ ನಿಯಮದ ಪ್ರಕಾರ ವಿಮಾನ ಕಂಪನಿಯದು. ಕೌಂಟರಿನಲ್ಲಿ ಧೈರ್ಯವಾಗಿ ಕೇಳಿ. ಕೊಡದಿದ್ದರೆ ನೀವೇ ಸಾಧಾರಣ ಹೋಟೆಲ್ ಹಿಡಿದು ರಸೀದಿ ಇಟ್ಟುಕೊಂಡು, ಊರಿಗೆ ಬಂದ ಮೇಲೆ ಕಳಿಸಿ.

ಪ್ರಶ್ನೆ ಕಳಿಸುವವರು ಪಾಲಿಸಿಯ ಮೊದಲ ಪುಟವನ್ನಷ್ಟೇ ಕಳಿಸಬೇಡಿ. ಷರತ್ತುಗಳ ಪೂರ್ತಿ ಪುಸ್ತಿಕೆ, ಕಂಪನಿಯ ಪತ್ರ, ವಿಮಾನದವರ ಸಂದೇಶದ ಚಿತ್ರ ಮೂರೂ ಬೇಕು. ಪಾಲಿಸಿ ಸಂಖ್ಯೆ ಮತ್ತು ಪಾಸ್‌ಪೋರ್ಟ್ ಸಂಖ್ಯೆಯನ್ನು ಮರೆಮಾಡಿ ಕಳಿಸಿ.